ಆಕ್ಟೋಪಸ್ ಬಣ್ಣ ಬದಲಿಸುವುದು ಹೇಗೆ, ಏಕೆ? ಸಾಕು ಆಕ್ಟೋಪಸ್‌ಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಗಳಿಗೆಗೊಂದು ಮಾತಾಡುವವರನ್ನು ನಾವು ‘ಊಸರವಳ್ಳಿ’ ಎಂದು ಬೈಯುತ್ತೇವೆ. ಆದರೆ ಬಣ್ಣ ಬದಲಿಸುವ ಪೈಪೋಟಿ ಇಟ್ಟರೆ ಊಸರವಳ್ಳಿಗೆ ಮೊದಲ ಸ್ಥಾನ ಸಿಗುವುದಿಲ್ಲ. ಹಸಿರಿನಿಂದ ಹಳದಿಗೆ ಬರಲು ಅದಕ್ಕೆ ನಿಮಿಷಗಳೇ ಹಿಡಿಯುತ್ತವೆ. ಆಕ್ಟೋಪಸ್‌ಗೆ ಒಂದು ಸೆಕೆಂಡು ಕೂಡ ಬೇಡ. ಬಂಡೆಯ ಮೇಲೆ ಬಂಡೆಯಂತೆ ಕೂತಿದ್ದ ಪ್ರಾಣಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಗಾಗಿ, ಕಣ್ಣಿನ ಸುತ್ತ ಕಪ್ಪು ಬಳಿದುಕೊಂಡು ಎದುರಿಗೆ ನಿಂತಿರುತ್ತದೆ.

ಅಮೆರಿಕ ಮತ್ತು ಯುರೋಪಿನಲ್ಲಿ ಕೆಲವರು ಮನೆಯ ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಆಕ್ಟೋಪಸ್ ಸಾಕುತ್ತಾರೆ. ಅಂಥ ತೊಟ್ಟಿಗಳ ವಿಡಿಯೊಗಳು ನಮ್ಮ ಮೊಬೈಲಿಗೂ ಬಂದು ಬೀಳುತ್ತವೆ. ಜೊತೆಗೆ ಒಂದಷ್ಟು ನಂಬಿಕೆಗಳೂ ಬರುತ್ತವೆ: ಆಕ್ಟೋಪಸ್ ಯಾವ ಬಣ್ಣಕ್ಕೆ ಬೇಕಾದರೂ ತಿರುಗಬಲ್ಲದು, ಕೆಂಪಾದರೆ ಅದಕ್ಕೆ ಸಿಟ್ಟು, ಬಿಳಿಯಾದರೆ ಭಯ, ಚೆಂದದ ನೀಲಿ ಉಂಗುರಗಳಿರುವ ಪುಟ್ಟ ಆಕ್ಟೋಪಸ್ ಅಂಗೈಯಲ್ಲಿ ಇಟ್ಟುಕೊಳ್ಳಲು ಚೆನ್ನ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಕೊನೆಯದಂತೂ ಜೀವ ತೆಗೆಯುವ ಸುಳ್ಳು. ಒಂದೊಂದಾಗಿ ನೋಡೋಣ.

ಚರ್ಮದೊಳಗೆ ಏನಿದೆ?

ಆಕ್ಟೋಪಸ್‌ನ ಚರ್ಮದಲ್ಲಿ ಮೂರು ಬಗೆಯ ಬಣ್ಣದ ವ್ಯವಸ್ಥೆಗಳು ಒಂದರ ಕೆಳಗೊಂದು ಇವೆ.

ಎಲ್ಲಕ್ಕಿಂತ ಮೇಲಿರುವುದು ಕ್ರೊಮ್ಯಾಟೊಫೋರ್, ಅಂದರೆ ವರ್ಣಕೋಶ. ಬಣ್ಣ ತುಂಬಿದ, ರಬ್ಬರಿನಂತೆ ಹಿಗ್ಗುವ ಒಂದು ಸಣ್ಣ ಚೀಲವನ್ನು ಊಹಿಸಿಕೊಳ್ಳಿ. ಅದರ ಸುತ್ತ ಸೂರ್ಯನ ಕಿರಣಗಳಂತೆ ಸ್ನಾಯುಗಳು ಅಂಟಿಕೊಂಡಿವೆ. ಸ್ನಾಯುಗಳು ಎಳೆದಾಗ ಚೀಲ ಅಗಲವಾಗಿ ಹರಡಿ ಬಣ್ಣ ಕಾಣುತ್ತದೆ. ಸ್ನಾಯುಗಳು ಸಡಿಲವಾದಾಗ ಚೀಲ ಚುಕ್ಕೆಯಷ್ಟಾಗಿ ಬಣ್ಣ ಮರೆಯಾಗುತ್ತದೆ. ಈ ಚೀಲಗಳಲ್ಲಿ ಇರುವುದು ಹಳದಿ, ಕಿತ್ತಳೆ, ಕೆಂಪು, ಕಂದು, ಕಪ್ಪು ಬಣ್ಣಗಳು ಮಾತ್ರ. ನೀಲಿ ಮತ್ತು ಹಸಿರು ಇಲ್ಲಿ ಇಲ್ಲ.

ಅದರ ಕೆಳಗಿನದು ಇರಿಡೊಫೋರ್, ಅಂದರೆ ಮಿನುಗುವ ಕೋಶ. ಇದರಲ್ಲಿ ಬಣ್ಣದ ದ್ರವ್ಯವೇ ಇಲ್ಲ. ರಿಫ್ಲೆಕ್ಟಿನ್ ಎಂಬ ಪ್ರೋಟೀನಿನ ತೆಳುವಾದ ಪದರಗಳಿವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣಗಳು ಮೂಡುವಂತೆ, ಬೆಳಕು ಈ ಪದರಗಳಿಗೆ ತಾಗಿ ಮರಳುವಾಗ ನೀಲಿ, ಹಸಿರು, ಬೆಳ್ಳಿಯ ಹೊಳಪು ಹುಟ್ಟುತ್ತದೆ.

ಮೂರನೆಯದು ಲ್ಯೂಕೊಫೋರ್, ಬಿಳಿ ಕೋಶ. ಬಿದ್ದ ಬೆಳಕನ್ನೆಲ್ಲ ಚದುರಿಸಿ ಹಿಂದಕ್ಕೆ ಕಳಿಸುವುದು ಇದರ ಕೆಲಸ. ಬಿಳಿ ಬೆಳಕಿನಲ್ಲಿ ಇದು ಬಿಳಿ, ಹಸಿರು ನೀರಿನಲ್ಲಿ ಹಸಿರು.

ಊಸರವಳ್ಳಿಗಿಂತ ಆಕ್ಟೋಪಸ್ ಇಷ್ಟು ವೇಗವಾಗಿರಲು ಕಾರಣ ವರ್ಣಕೋಶದ ಸುತ್ತಲಿನ ಸ್ನಾಯುಗಳಿಗೆ ಮೆದುಳಿನಿಂದಲೇ ನರಗಳ ಸಂಪರ್ಕವಿರುವುದು. ಊಸರವಳ್ಳಿಯ ಚರ್ಮದಲ್ಲಿ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾಗಬೇಕು, ಅದು ನಿಧಾನದ ಕೆಲಸ. ಆಕ್ಟೋಪಸ್‌ಗೆ ಬಣ್ಣ ಬದಲಿಸುವುದೆಂದರೆ ನಾವು ಬೆರಳು ಮಡಚಿದಂತೆ, ಬರೀ ಸ್ನಾಯುವಿನ ಕೆಲಸ. ಆ ನರವನ್ನು ಕತ್ತರಿಸಿದರೆ ಆ ಭಾಗದ ಚರ್ಮ ಬಿಳಿಚಿಕೊಳ್ಳುತ್ತದೆ.

ಇದನ್ನು ನೋಡಲು ಆಕ್ಟೋಪಸ್ಸೇ ಬೇಕೆಂದಿಲ್ಲ. ನಮ್ಮ ಕರಾವಳಿಯಲ್ಲಿ ‘ಬೊಂಡಾಸ್’ ಎಂದು ಮಾರುವ ಸ್ಕ್ವಿಡ್ ಇದರ ನೆಂಟ. ಬಲೆಯಿಂದ ಆಗಷ್ಟೇ ತೆಗೆದ ಬೊಂಡಾಸ್‌ನ ಚರ್ಮವನ್ನು ಹತ್ತಿರದಿಂದ ನೋಡಿ. ಕೆಂಗಂದು ಚುಕ್ಕೆಗಳು ಹಿಗ್ಗಿ ಕುಗ್ಗಿ ಮಿಣುಕುವುದು ಕಾಣಬಹುದು. ಅವೇ ವರ್ಣಕೋಶಗಳು.

ಬಣ್ಣವಷ್ಟೇ ಹೊಂದಿಕೆಯಾದರೆ ಸಾಲದು, ಮೇಲ್ಮೈಯೂ ಹೊಂದಬೇಕು. ಅದಕ್ಕಾಗಿ ಚರ್ಮದಲ್ಲಿ ಪ್ಯಾಪಿಲ್ಲೆ ಎಂಬ ಗುಬುಟುಗಳಿವೆ. ನಮ್ಮ ನಾಲಿಗೆಯಂತೆ ಇವೂ ಎಲುಬಿಲ್ಲದ ಸ್ನಾಯುಗಳು. ಇವನ್ನು ಎಬ್ಬಿಸಿದರೆ ನುಣುಪಾದ ಮೈ ಪಾಚಿ ಹಿಡಿದ ಕಲ್ಲಿನಂತೆ ಒರಟಾಗುತ್ತದೆ, ಇಳಿಸಿದರೆ ಮತ್ತೆ ನುಣುಪು. ಚಳಿಗೆ ನಮ್ಮ ಮೈ ಜುಮ್ಮೆನ್ನುವುದು ನಮ್ಮ ಹಿಡಿತದಲ್ಲಿಲ್ಲ. ಆಕ್ಟೋಪಸ್‌ನ ಗುಬುಟುಗಳು ಏಳುವುದು ಅದರ ಮೆದುಳಿನ ಅಪ್ಪಣೆಯಂತೆ.

ಬಣ್ಣ ಕಾಣದ ಕಣ್ಣು

ಇಲ್ಲೊಂದು ಸೋಜಿಗವಿದೆ. ಇಷ್ಟೆಲ್ಲ ಬಣ್ಣದಾಟ ಆಡುವ ಆಕ್ಟೋಪಸ್‌ನ ಕಣ್ಣಿಗೆ ಬಣ್ಣ ಕಾಣುವುದಿಲ್ಲ ಎನ್ನುವುದಕ್ಕೆ ಬಲವಾದ ಆಧಾರಗಳಿವೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸಲು ಮೂರು ಬಗೆಯ ಕೋಶಗಳಿವೆ. ಅದರ ಕಣ್ಣಿನಲ್ಲಿರುವುದು ಒಂದೇ ಬಗೆ. ಹೊಳಪು ಒಂದೇ ಇದ್ದು ಬಣ್ಣ ಮಾತ್ರ ಬೇರೆ ಇರುವ ವಸ್ತುಗಳನ್ನು ತೋರಿಸಿದ ಪರೀಕ್ಷೆಗಳಲ್ಲಿ ಆಕ್ಟೋಪಸ್‌ಗಳು ಸೋತಿವೆ.

ಹಾಗಾದರೆ ಬಣ್ಣ ಹೊಂದಿಸುವುದು ಹೇಗೆ? ಮೊದಲ ಉತ್ತರ ಸರಳ. ಹವಳದ ದಿಬ್ಬ, ಮರಳು, ಪಾಚಿ, ಬಂಡೆ ಇವುಗಳ ಬಣ್ಣ ಬಹುಪಾಲು ಹಳದಿ, ಕಂದು, ಕೆಂಪು, ಕಪ್ಪಿನ ಆಸುಪಾಸಿನದೇ. ಚರ್ಮದ ಚೀಲಗಳಲ್ಲೂ ಇರುವುದು ಅವೇ. ಕಪ್ಪು ಬಿಳುಪಿನ ಹದ, ಚುಕ್ಕೆಗಳ ಗಾತ್ರ ಸರಿಹೋದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧವನ್ನು ಕೆಳಗಿನ ಪದರಗಳು ಮಾಡುತ್ತವೆ. ಅವು ಸುತ್ತಲಿನ ಬೆಳಕನ್ನೇ ಮರಳಿಸುವುದರಿಂದ ಪರಿಸರದ ಬಣ್ಣ ತಾನಾಗಿಯೇ ಮೈಮೇಲೆ ಬರುತ್ತದೆ.

ಎರಡನೆಯ ಸುಳಿವು ಚರ್ಮದಲ್ಲಿದೆ. ಕ್ಯಾಲಿಫೋರ್ನಿಯಾದ ಎರಡು ಚುಕ್ಕೆಯ ಆಕ್ಟೋಪಸ್‌ನ ಚರ್ಮದ ತುಂಡನ್ನು ಬೇರ್ಪಡಿಸಿ ಬೆಳಕಿಗೆ ಹಿಡಿದಾಗ, ಕಣ್ಣು ಮತ್ತು ಮೆದುಳಿನ ನೆರವಿಲ್ಲದೆಯೇ ಅದರ ವರ್ಣಕೋಶಗಳು ಹಿಗ್ಗಿದವು ಎಂದು 2015ರಲ್ಲಿ ವಿಜ್ಞಾನಿಗಳಾದ ರಮಿರೆಜ್ ಮತ್ತು ಓಕ್ಲಿ ವರದಿ ಮಾಡಿದರು. ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಆಪ್ಸಿನ್ ಎಂಬ ಪ್ರೋಟೀನ್ ಚರ್ಮದಲ್ಲೂ ಇದೆ. ಆದರೆ ಇದರಿಂದ ‘ಆಕ್ಟೋಪಸ್ ಚರ್ಮದಿಂದ ನೋಡುತ್ತದೆ’ ಎನ್ನುವುದು ಅತಿಯಾಯಿತು. ಚರ್ಮಕ್ಕೆ ತಿಳಿಯುವುದು ಬೆಳಕು ಇದೆಯೇ, ಎಷ್ಟಿದೆ ಎಂಬುದು. ಎದುರಿಗಿರುವುದು ಏಡಿಯೋ ಕಲ್ಲೋ ಎಂದು ಅದಕ್ಕೆ ಗೊತ್ತಾಗದು.

2016ರಲ್ಲಿ ಇನ್ನೊಂದು ವಿಚಾರ ಮುಂದೆ ಬಂತು. ಆಕ್ಟೋಪಸ್‌ನ ಅಡ್ಡ ಸೀಳಿನಂಥ ಪಾಪೆಯಿಂದಾಗಿ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸ್ಪಷ್ಟವಾಗುತ್ತವೆ, ಅದನ್ನು ಬಳಸಿ ಅದು ಬಣ್ಣ ಊಹಿಸಬಹುದು ಎಂಬುದು ಆ ವಾದ. ಕೇಳಲು ಚೆನ್ನಾಗಿದೆ, ಆದರೆ ಇದು ಲೆಕ್ಕಾಚಾರದ ಮೇಲೆ ನಿಂತ ಊಹೆಯೇ ಹೊರತು ಪ್ರಾಣಿಯ ಮೇಲಿನ ಪ್ರಯೋಗದಿಂದ ಸಾಬೀತಾದದ್ದಲ್ಲ.

ಒಂದೊಂದು ಬಗೆಗೂ ಒಂದೊಂದು ದಾರಿ

‘ಆಕ್ಟೋಪಸ್’ ಎಂಬ ಒಂದೇ ಹೆಸರಿನಡಿ ಸುಮಾರು 300 ಪ್ರಭೇದಗಳಿವೆ. ಎಲ್ಲವೂ ಒಂದೇ ರೀತಿ ಬಣ್ಣ ಬದಲಿಸುವುದಿಲ್ಲ. ಯಾವುದು ಎಲ್ಲಿ ವಾಸಿಸುತ್ತದೆ, ಹಗಲು ತಿರುಗುತ್ತದೋ ರಾತ್ರಿಯೋ ಎಂಬುದರ ಮೇಲೆ ಅದರ ವೇಷವೂ ನಿಂತಿದೆ. ಅಕ್ವೇರಿಯಂ ಹವ್ಯಾಸಿಗಳ ನಡುವೆ ಹೆಚ್ಚು ಮಾತಿಗೆ ಬರುವ ಕೆಲವನ್ನು ನೋಡೋಣ.

*ಎರಡು ಚುಕ್ಕೆಯ ಆಕ್ಟೋಪಸ್.* ಹವ್ಯಾಸಿಗಳು ಪ್ರೀತಿಯಿಂದ ‘ಬೈಮ್ಯಾಕ್’ ಎನ್ನುವ ಇದು ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ತೀರದ್ದು. 2015ರಲ್ಲಿ ಮೊದಲು ಜೀನೋಮ್ ಓದಲಾದ ಆಕ್ಟೋಪಸ್ ಇದೇ. ಎರಡೂ ಕಣ್ಣುಗಳ ಕೆಳಗೆ ಕಪ್ಪು ಚುಕ್ಕೆ, ಅದರೊಳಗೆ ಸರಪಳಿಯಂಥ ನೀಲಿ ಉಂಗುರ ಇರುತ್ತದೆ. ಇವು ಸುಳ್ಳು ಕಣ್ಣುಗಳು. ಹೊಂಚು ಹಾಕಿದ ಮೀನಿಗೆ ದೊಡ್ಡ ಪ್ರಾಣಿಯೊಂದು ದಿಟ್ಟಿಸುತ್ತಿರುವಂತೆ ಕಾಣುತ್ತದೆ. ಬೇಕೆಂದಾಗ ಚುಕ್ಕೆಯನ್ನು ಗಾಢಗೊಳಿಸಿ, ಬೇಡವೆಂದಾಗ ಮಸುಕಾಗಿಸಿಕೊಳ್ಳುತ್ತದೆ. ಹಗಲಲ್ಲಿ ಹೊರಬರುವುದರಿಂದ ಇದರ ಬಣ್ಣದಾಟ ನೋಡಲು ಸಿಗುತ್ತದೆ.

*ಕೆರಿಬಿಯನ್ ಹವಳದ ಆಕ್ಟೋಪಸ್.* ಇದು ರಾತ್ರಿ ಸಂಚಾರಿ. ಮೈಮೇಲೆ ನೀಲಿ ಹಸಿರಿನ ಹೊಳಪು. ತೋಳುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಹವಳದ ಗೊಂಚಲಿನ ಮೇಲೆ ಕವಿದು, ಒಳಗೆ ಸಿಕ್ಕಿಬಿದ್ದ ಏಡಿಗಳನ್ನು ತಡಕಾಡಿ ಹಿಡಿಯುತ್ತದೆ. ಹಗಲು ಬಿಲದಲ್ಲಿ ಅಡಗಿರುತ್ತದೆ. ಆದ್ದರಿಂದ ದೀಪ ಹಾಕಿದ ತೊಟ್ಟಿಯ ಎದುರು ಕೂತವರಿಗೆ ಖಾಲಿ ನೀರಷ್ಟೇ ಕಾಣುತ್ತದೆ.

*ಕುಬ್ಜ ಆಕ್ಟೋಪಸ್.* ಫ್ಲೋರಿಡಾ ಸುತ್ತಲಿನ ನೀರಿನ ಈ ಪುಟ್ಟ ಪ್ರಾಣಿ ಖಾಲಿ ಚಿಪ್ಪುಗಳಲ್ಲಿ ಮನೆ ಮಾಡುತ್ತದೆ. ಮೈ ಹೆಚ್ಚಾಗಿ ಕೆಂಗಂದು ಬಣ್ಣದ್ದೇ. ದೊಡ್ಡ ಪ್ರದರ್ಶನವನ್ನು ಇದರಿಂದ ನಿರೀಕ್ಷಿಸುವಂತಿಲ್ಲ. ಚಿಪ್ಪಿನೊಳಗೆ ನುಸುಳಬಲ್ಲ ಪ್ರಾಣಿಗೆ ಅಡಗಲು ಚಿಪ್ಪೇ ಸಾಕು. ಇಂಥ ರಾತ್ರಿಯ ಪ್ರಭೇದಗಳನ್ನು ನೋಡಲು ಹವ್ಯಾಸಿಗಳು ಕೆಂಪು ದೀಪ ಬಳಸುತ್ತಾರೆ. ಆಕ್ಟೋಪಸ್‌ನ ಕಣ್ಣಿಗೆ ನೀಲಿ ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು ಅಷ್ಟಾಗಿ ತಾಕುವುದಿಲ್ಲ.

*ಹಗಲು ಆಕ್ಟೋಪಸ್.* ಹವಾಯಿಯಿಂದ ಆಫ್ರಿಕಾದ ಪೂರ್ವ ತೀರದವರೆಗೆ ಹರಡಿರುವ ಇದರ ಶಾಸ್ತ್ರೀಯ ಹೆಸರು ಆಕ್ಟೋಪಸ್ ಸಯಾನಿಯಾ. ಬಿಸಿಲಿನಲ್ಲಿ, ಹತ್ತಾರು ಶತ್ರುಗಳ ಕಣ್ಣೆದುರೇ ಬೇಟೆಯಾಡುವ ಪ್ರಾಣಿಗೆ ಒಳ್ಳೆಯ ವೇಷವಿಲ್ಲದೆ ಉಳಿಗಾಲವಿಲ್ಲ. ಹೆಜ್ಜೆ ಹೆಜ್ಜೆಗೂ ಇದು ಬಣ್ಣ, ಮೇಲ್ಮೈ ಎರಡನ್ನೂ ಬದಲಿಸುತ್ತದೆ. ‘ಸಾಗುವ ಮೋಡ’ ಎಂಬ ಇನ್ನೊಂದು ವಿದ್ಯೆಯೂ ಇದರ ಬಳಿ ಇದೆ. ಮೈಮೇಲೆ ಒಂದು ಕಪ್ಪು ನೆರಳು ಹಿಂದಿನಿಂದ ಮುಂದಕ್ಕೆ ಹರಿದು ಹೋಗುತ್ತದೆ, ಪ್ರಾಣಿ ಮಾತ್ರ ಕದಲುವುದಿಲ್ಲ. ಅಲ್ಲಾಡದೆ ಕೂತ ಏಡಿಯನ್ನು ಬೆಚ್ಚಿಸಿ ಓಡುವಂತೆ ಮಾಡಲು ಇದು ಎಂದು ಸಂಶೋಧಕರು ಭಾವಿಸುತ್ತಾರೆ.

*ಪಾಚಿ ಆಕ್ಟೋಪಸ್.* ಅಬ್ಡೋಪಸ್ ಅಕ್ಯುಲಿಯೇಟಸ್ ಎಂಬ ಇದರ ಮೈಮೇಲೆ ಪಾಚಿಯ ಎಳೆಗಳಂತೆ ಗುಬುಟುಗಳು ಏಳುತ್ತವೆ. ತೊಂದರೆ ಏನೆಂದರೆ, ಎಷ್ಟೇ ಒಳ್ಳೆಯ ವೇಷವಾದರೂ ಚಲಿಸಿದರೆ ಗುಟ್ಟು ರಟ್ಟು. ಇದಕ್ಕೆ ಈ ಪ್ರಾಣಿ ಕಂಡುಕೊಂಡ ಉಪಾಯವನ್ನು ಕ್ರಿಸ್ಟೀನ್ ಹಫರ್ಡ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದರು. ಆರು ತೋಳುಗಳನ್ನು ಪಾಚಿಯಂತೆ ಎತ್ತಿ ಹಿಡಿದು, ಉಳಿದ ಎರಡರ ಮೇಲೆ ಇದು ಹಿಂದಕ್ಕೆ ನಡೆಯುತ್ತದೆ. ನೋಡುವವರಿಗೆ ಪಾಚಿಯ ಮುದ್ದೆಯೊಂದು ತೇಲಿ ಹೋದಂತೆ. ಅದೇ ವರದಿಯಲ್ಲಿ ತೆಂಗಿನ ಆಕ್ಟೋಪಸ್ ಕೂಡ ಇದೆ. ಅದು ಮೈಯನ್ನು ಉಂಡೆ ಮಾಡಿಕೊಂಡು ಎರಡು ತೋಳುಗಳ ಮೇಲೆ ನಡೆದರೆ ಉರುಳುವ ತೆಂಗಿನಕಾಯಿಯೇ ಸರಿ.

*ಅಣಕು ಆಕ್ಟೋಪಸ್ ಮತ್ತು ವುಂಡರ್‌ಪಸ್.* ಇಂಡೊನೇಷ್ಯಾದ ಸುಲವೇಸಿಯ ಬಳಿ 1998ರಲ್ಲಿ ಗಮನಕ್ಕೆ ಬಂದ ಅಣಕು ಆಕ್ಟೋಪಸ್‌ಗೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು 2005ರಲ್ಲಿ. ಅಡಗಲು ಬಂಡೆ, ಪಾಚಿ ಇಲ್ಲದ ಬಯಲು ಕೆಸರಿನಲ್ಲಿ ಅದರ ವಾಸ. ಅಲ್ಲಿ ಮರೆಯಾಗುವುದಕ್ಕಿಂತ ಬೇರೆ ಪ್ರಾಣಿಯಂತೆ ಕಾಣುವುದೇ ಲಾಭ. ತೋಳುಗಳನ್ನು ಹಿಂದಕ್ಕೆ ಸೇರಿಸಿ ಅಲೆಯಲೆಯಾಗಿ ಈಜಿದರೆ ಚಪ್ಪಟೆ ಮೀನು. ಆರು ತೋಳುಗಳನ್ನು ಬಿಲಕ್ಕಿಳಿಸಿ, ಪಟ್ಟೆಪಟ್ಟೆಯ ಎರಡನ್ನು ಎದುರುಬದುರಾಗಿ ಚಾಚಿದರೆ ವಿಷದ ಕಡಲ ಹಾವು. ಡ್ಯಾಮ್ಸೆಲ್ ಮೀನುಗಳು ಕಾಡಿದಾಗ ಈ ಹಾವಿನ ವೇಷ ಹಾಕಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಅದರ ಸಮೀಪದ ಬಂಧು ವುಂಡರ್‌ಪಸ್‌ಗೆ ಹೆಸರಿಟ್ಟದ್ದು 2006ರಲ್ಲಿ. ಅದರ ಬಿಳಿ ಗುರುತುಗಳು ಒಂದರಂತೆ ಇನ್ನೊಂದಕ್ಕೆ ಇಲ್ಲ. ಹುಲಿಯ ಪಟ್ಟೆಗಳಂತೆ, ಫೋಟೊ ನೋಡಿಯೇ ಇಂಥದ್ದೇ ಎಂದು ಗುರುತಿಸಬಹುದು.

ನೀಲಿ ಉಂಗುರ: ಅಲಂಕಾರವಲ್ಲ, ಎಚ್ಚರಿಕೆ

ಇನ್ನು ಹೇಳಲೇಬೇಕಾದ ಪ್ರಾಣಿ ನೀಲಿ ಉಂಗುರದ ಆಕ್ಟೋಪಸ್. ಜಪಾನಿನಿಂದ ಆಸ್ಟ್ರೇಲಿಯಾವರೆಗಿನ ಆಳವಿಲ್ಲದ ನೀರಿನಲ್ಲಿ, ಅಲೆ ಇಳಿದಾಗ ಉಳಿಯುವ ಕಲ್ಲಿನ ಗುಂಡಿಗಳಲ್ಲಿ ಇದು ಸಿಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಜೊಲ್ಲಿನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ. ಪಫರ್ ಮೀನಿನಲ್ಲಿರುವುದೂ ಇದೇ ವಿಷ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆಮೇಲೆ ಸ್ನಾಯುಗಳು ಒಂದೊಂದಾಗಿ ಸೋತು, ಉಸಿರಾಟದ ಸ್ನಾಯುಗಳೂ ನಿಲ್ಲಬಹುದು. ಇದಕ್ಕೆ ಪ್ರತಿವಿಷ ಇಲ್ಲ.

ಬಣ್ಣದ ವಿಷಯ ಇಲ್ಲಿ ಜೀವದ ವಿಷಯವಾಗುತ್ತದೆ. ಸುಮ್ಮನಿರುವಾಗ ಇದು ಮಂಕಾದ ಹಳದಿ ಕಂದು ಬಣ್ಣದ ಸಾಧಾರಣ ಆಕ್ಟೋಪಸ್. ಉಂಗುರಗಳು ಎದ್ದು ಹೊಳೆಯುವುದು ಅದಕ್ಕೆ ಅಪಾಯ ಅನ್ನಿಸಿದಾಗ ಮಾತ್ರ. ಉಂಗುರದ ಮಿನುಗುವ ಕೋಶಗಳು ಯಾವಾಗಲೂ ಅಲ್ಲೇ ಇರುತ್ತವೆ, ಅವುಗಳ ಮೇಲೆ ಚರ್ಮದ ಮಡಿಕೆ ಮುಚ್ಚಿರುತ್ತದೆ. ಸ್ನಾಯುಗಳು ಆ ಮಡಿಕೆಯನ್ನು ತೆರೆದಾಗ ನೀಲಿ ಝಗ್ಗನೆ ಬೆಳಗುತ್ತದೆ. ಅಂದರೆ ವಿಡಿಯೊದಲ್ಲಿ ಯಾರೋ ಅಂಗೈ ಮೇಲಿಟ್ಟುಕೊಂಡು ‘ಎಷ್ಟು ಚೆಂದ’ ಎನ್ನುವ ಹೊತ್ತಿಗೆ, ಪ್ರಾಣಿ ‘ಇದು ಕೊನೆಯ ಎಚ್ಚರಿಕೆ’ ಎನ್ನುತ್ತಿರುತ್ತದೆ.

ಬಾಲಿಗೋ ಆಸ್ಟ್ರೇಲಿಯಾಕ್ಕೋ ಪ್ರವಾಸ ಹೋದಾಗ ಸಣ್ಣ ಆಕ್ಟೋಪಸ್ ಕಂಡರೆ, ಉಂಗುರ ಕಾಣಲಿ ಬಿಡಲಿ, ಕೈಗೆತ್ತಿಕೊಳ್ಳಬೇಡಿ. ಮಕ್ಕಳಿಗೂ ಹೇಳಿ. ಅದು ಅಡಗಿರಬಹುದಾದ ಖಾಲಿ ಚಿಪ್ಪುಗಳನ್ನು ಜೇಬಿಗೆ ಹಾಕಿಕೊಳ್ಳುವುದೂ ಬೇಡ. ಕಚ್ಚಿದ ಅನುಮಾನವಿದ್ದರೆ ಕೂಡಲೇ ತುರ್ತು ನೆರವಿಗೆ ಕರೆ ಮಾಡಬೇಕು. ಆ ಜಾಗಕ್ಕೆ ಅಗಲದ ಬಟ್ಟೆಪಟ್ಟಿಯನ್ನು ಬಿಗಿಯಾಗಿ ಸುತ್ತಿ ಅಲುಗಾಡದಂತೆ ಇಡಬೇಕು, ಉಸಿರು ನಿಂತರೆ ಬಾಯಿಯಿಂದ ಉಸಿರು ಕೊಡುತ್ತಲೇ ಇರಬೇಕು. ಮೈ ಅಲ್ಲಾಡದಿದ್ದರೂ ರೋಗಿಗೆ ಎಚ್ಚರವಿರಬಹುದು. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಆಸರೆ ಸಿಕ್ಕಿದರೆ ವಿಷದ ಪ್ರಭಾವ ಇಳಿದು ಬದುಕುಳಿಯುವ ಅವಕಾಶ ಚೆನ್ನಾಗಿದೆ.

ಎರಡು ಚುಕ್ಕೆಯ ಆಕ್ಟೋಪಸ್‌ಗೂ ನೀಲಿ ಉಂಗುರವಿದೆಯಲ್ಲ ಎಂದು ಕೇಳಬಹುದು. ಅದಕ್ಕಿರುವುದು ಕಣ್ಣಿನ ಕೆಳಗೆ ಆ ಕಡೆ ಒಂದು, ಈ ಕಡೆ ಒಂದು. ಮನುಷ್ಯರನ್ನು ಕೊಲ್ಲುವ ವಿಷ ಅದಕ್ಕಿಲ್ಲ. ಇದಕ್ಕಾದರೋ ಮೈತುಂಬ ಉಂಗುರಗಳು.

ಕೆಲವು ನಂಬಿಕೆಗಳು, ನಿಜಾಂಶಗಳು

*ಕೆಳಗೆ ಏನು ಹಾಸಿದರೂ ಆಕ್ಟೋಪಸ್ ಹಾಗೇ ಆಗುತ್ತದೆಯೇ?* ಇಲ್ಲ. ಕಾಮನಬಿಲ್ಲಿನ ಪಟ್ಟೆ, ಬಟ್ಟೆಯ ಹೂವಿನ ವಿನ್ಯಾಸವನ್ನು ಅಚ್ಚೊತ್ತಿದಂತೆ ತೋರಿಸುವ ಕ್ಲಿಪ್ ಕಂಡರೆ ಅನುಮಾನಿಸಿ. ಚರ್ಮದಲ್ಲಿ ಆ ಬಣ್ಣಗಳ ಚೀಲಗಳೇ ಇಲ್ಲ. ಆಕ್ಟೋಪಸ್ ಸುತ್ತಲಿನ ಎಲ್ಲವನ್ನೂ ನಕಲು ಮಾಡುವುದಿಲ್ಲ. ಹತ್ತಿರದ ಒಂದು ಹವಳ, ಒಂದು ಕಲ್ಲು ಹೀಗೆ ಕೆಲವನ್ನಷ್ಟೇ ಆರಿಸಿಕೊಂಡು ಅದರಂತೆ ಕಾಣುತ್ತದೆ ಎಂಬುದನ್ನು 2012ರ ಅಧ್ಯಯನವೊಂದು ತೋರಿಸಿದೆ.

*ಬಣ್ಣ ನೋಡಿ ಮನಸ್ಸು ಓದಬಹುದೇ?* ಸ್ವಲ್ಪ ಮಟ್ಟಿಗೆ. ಆಸ್ಟ್ರೇಲಿಯಾದ ಜರ್ವಿಸ್ ಕೊಲ್ಲಿಯಲ್ಲಿ ಆಕ್ಟೋಪಸ್‌ಗಳು ಪರಸ್ಪರ ಎದುರಾದಾಗ ಗಾಢ ಬಣ್ಣದವು ಮುನ್ನುಗ್ಗುವುದು, ತಿಳಿ ಬಣ್ಣದವು ಹಿಂದೆ ಸರಿಯುವುದು ಹೆಚ್ಚು ಎಂದು 2016ರಲ್ಲಿ ವರದಿಯಾಯಿತು. ಹೆದರಿಸಲು ಮೈ ಬಿಳಿಚಿಸಿ ಕಣ್ಣ ಸುತ್ತ ಕಪ್ಪು ಮಾಡಿಕೊಳ್ಳುವುದೂ ಸಾಮಾನ್ಯ. ಆದರೆ ‘ಕೆಂಪು ಅಂದರೆ ಸಿಟ್ಟು’ ಎಂಬ ಪಟ್ಟಿ ಎಲ್ಲ ಪ್ರಭೇದಗಳಿಗೂ ಒಪ್ಪುವುದಿಲ್ಲ. ಕುಬ್ಜ ಆಕ್ಟೋಪಸ್ ಕೆಂಗಂದಾಗಿರುವುದು ಅದರ ದಿನನಿತ್ಯದ ರೂಪ.

*ನಿದ್ದೆಯಲ್ಲೂ ಬಣ್ಣ ಬದಲಾಗುತ್ತದೆಯೇ?* ಹೌದು. 2019ರಲ್ಲಿ ಅಲಾಸ್ಕದ ಮನೆಯೊಂದರ ತೊಟ್ಟಿಯಲ್ಲಿ ಮಲಗಿದ್ದ ಹೈಡಿ ಎಂಬ ಹಗಲು ಆಕ್ಟೋಪಸ್‌ನ ಮೈಮೇಲೆ ಬಣ್ಣಗಳು ಹರಿದಾಡಿದ ದೃಶ್ಯ ಪ್ರಪಂಚದೆಲ್ಲೆಡೆ ಹರಡಿತು. 2023ರಲ್ಲಿ ಜಪಾನಿನ ಓಕಿನಾವಾದ ಸಂಶೋಧಕರು, ಇನ್ನೊಂದು ಪ್ರಭೇದದಲ್ಲಿ ಸುಮಾರು ಗಂಟೆಗೊಮ್ಮೆ ಒಂದು ನಿಮಿಷದಷ್ಟು ‘ಚುರುಕು ನಿದ್ದೆ’ ಬರುತ್ತದೆ, ಆಗ ಎಚ್ಚರದಲ್ಲಿ ತೋರುವ ವಿನ್ಯಾಸಗಳೇ ಚರ್ಮದ ಮೇಲೆ ಮೂಡುತ್ತವೆ ಎಂದು ತೋರಿಸಿದರು. ಅದನ್ನು ಕನಸು ಎನ್ನಬಹುದೇ ಎಂಬ ಪ್ರಶ್ನೆ ಇನ್ನೂ ತೆರೆದಿದೆ.

*ಮಸುಕಾದರೆ ಕಾಯಿಲೆಯೇ?* ಅಡಗಲು, ಹೆದರಿ, ವಿಶ್ರಾಂತಿಯಲ್ಲಿ ಹೀಗೆ ಹಲವು ಕಾರಣಗಳಿಗೆ ಆಕ್ಟೋಪಸ್ ಮಸುಕಾಗುತ್ತದೆ. ಆದರೆ ದಿನಗಟ್ಟಲೆ ಬಿಳಿಚಿಕೊಂಡೇ ಇದ್ದು, ಊಟ ಬಿಟ್ಟು, ಚರ್ಮದಲ್ಲಿ ಹುಣ್ಣುಗಳೆದ್ದರೆ ಅದು ಮುಪ್ಪಿನ ಲಕ್ಷಣವಿರಬಹುದು. ತೊಟ್ಟಿಯಲ್ಲಿ ಸಾಕುವ ಬಹುತೇಕ ಪ್ರಭೇದಗಳ ಆಯಸ್ಸು ಒಂದೆರಡು ವರ್ಷ, ಚಿಕ್ಕವಕ್ಕೆ ಇನ್ನೂ ಕಡಿಮೆ. ಹೆಣ್ಣು ಮೊಟ್ಟೆಗಳನ್ನು ಕಾಯುತ್ತ ಊಟ ಬಿಟ್ಟು ಸಾಯುತ್ತದೆ. ಕಣ್ಣುಗಳ ನಡುವಿನ ಆಪ್ಟಿಕ್ ಗ್ರಂಥಿ ಇದಕ್ಕೆ ಕಾರಣವೆಂದು, ಆ ಗ್ರಂಥಿ ತೆಗೆದರೆ ಹೆಣ್ಣು ಮತ್ತೆ ತಿನ್ನತೊಡಗುತ್ತದೆಂದು 1977ರಲ್ಲೇ ತಿಳಿದುಬಂತು. ಇದು ಸಾಕುವವರ ತಪ್ಪಲ್ಲ, ಆ ಪ್ರಾಣಿಯ ಬದುಕೇ ಹಾಗೆ.

ಬಣ್ಣಕ್ಕೂ ಬೆಲೆ ಇದೆ

ಬಣ್ಣ ಬದಲಿಸುವುದು ಪುಕ್ಕಟೆ ಆಟವಲ್ಲ. ಲಕ್ಷಾಂತರ ಚೀಲಗಳ ಸ್ನಾಯುಗಳು ದುಡಿಯಬೇಕು. ಅಮೆರಿಕದ ಪಶ್ಚಿಮ ತೀರದ ಮಾಣಿಕ್ಯ ಆಕ್ಟೋಪಸ್‌ನ ಚರ್ಮ ಬಳಸಿದ ಆಮ್ಲಜನಕವನ್ನು ಅಳೆದ 2024ರ ಅಧ್ಯಯನದ ಪ್ರಕಾರ, ಇಡೀ ಮೈ ಬಣ್ಣ ಬದಲಿಸಲು ತಗಲುವ ಶಕ್ತಿ, ಸುಮ್ಮನೆ ಕೂತಿರುವಾಗ ದೇಹದ ಉಳಿದೆಲ್ಲ ಕೆಲಸಗಳಿಗೆ ಬೇಕಾಗುವ ಶಕ್ತಿಗೆ ಹೆಚ್ಚುಕಡಿಮೆ ಸಮ. ಹಲವು ಆಕ್ಟೋಪಸ್‌ಗಳು ದಿನದ ಬಹುಪಾಲು ಬಿಲದಲ್ಲೇ ಕಳೆಯುವುದಕ್ಕೆ ಇದೂ ಒಂದು ಕಾರಣವಿರಬಹುದು.

ಗಾಜು ತಟ್ಟಿ, ದೀಪ ಹಾಕಿ ಆರಿಸಿ, ಬಣ್ಣ ಬದಲಿಸಲಿ ಎಂದು ಕೆಣಕುವವರು ಈ ಲೆಕ್ಕವನ್ನು ನೆನಪಿಡಬೇಕು. ನಮಗೆ ಹತ್ತು ಸೆಕೆಂಡಿನ ವಿಡಿಯೊ, ಅದಕ್ಕೆ ಪ್ರಾಣಭಯ ಮತ್ತು ಖರ್ಚು ಎರಡೂ. ಒಳ್ಳೆಯ ತೊಟ್ಟಿಯಲ್ಲಿ ಅಡಗಲು ಬಿಲ, ಕಲ್ಲು, ಚಿಪ್ಪು ಇರಬೇಕು, ಮುಚ್ಚಳ ಭದ್ರವಿರಬೇಕು. 2016ರಲ್ಲಿ ನ್ಯೂಜಿಲೆಂಡಿನ ರಾಷ್ಟ್ರೀಯ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ಕೊಳವೆಯೊಳಗೆ ನುಸುಳಿ ಕಡಲು ಸೇರಿದ್ದು ಸುದ್ದಿಯಾಗಿತ್ತು. ತಾಮ್ರದ ಅಂಶವಿರುವ ಮೀನಿನ ಔಷಧಿ ಇದಕ್ಕೆ ವಿಷ.

ಬ್ರಿಟನ್ 2022ರ ಕಾಯ್ದೆಯಲ್ಲಿ ಆಕ್ಟೋಪಸ್‌ಗಳನ್ನೂ ನೋವು, ಸಂಕಟ ಅನುಭವಿಸುವ ಜೀವಿಗಳ ಸಾಲಿಗೆ ಸೇರಿಸಿದೆ. ಅಣಕು ಆಕ್ಟೋಪಸ್, ವುಂಡರ್‌ಪಸ್‌ನಂಥವು ಮಾರಾಟಕ್ಕೆ ಬರುವುದು ಕಡಲಿನಿಂದ ಹಿಡಿದ ಮೇಲೆಯೇ. ತೊಟ್ಟಿಯಲ್ಲಿ ಅವು ಅಣಕಿಸಬೇಕಾದ ಹಾವೂ ಇಲ್ಲ, ಹೆದರಿಸಬೇಕಾದ ಶತ್ರುವೂ ಇಲ್ಲ. ಯಾವ ಆಟ ನೋಡಲು ಹಣ ಕೊಟ್ಟರೋ ಆ ಆಟ ಅಲ್ಲಿ ನಡೆಯುವುದೇ ಅಪರೂಪ.

ಒಟ್ಟಿನಲ್ಲಿ ಮೂರು ಮಾತು ನೆನಪಿಟ್ಟರೆ ಸಾಕು. ಆಕ್ಟೋಪಸ್‌ನ ಬಣ್ಣ ಸ್ನಾಯು ಮತ್ತು ನರಗಳ ಕೆಲಸ, ಅದಕ್ಕೇ ಅಷ್ಟು ವೇಗ. ಪ್ರಭೇದ ಬದಲಾದರೆ ವೇಷವೂ ಅದರ ಅರ್ಥವೂ ಬದಲಾಗುತ್ತವೆ. ನೀಲಿ ಉಂಗುರ ಹೊಳೆಯಿತೆಂದರೆ ನೋಡುತ್ತ ನಿಲ್ಲಬೇಡಿ, ದೂರ ಸರಿಯಿರಿ.